ಬಿಲಿರುಬಿನ್ ಓದಿದ ಭಾವ

ಗೆಳೆಯರೇ, ನಮ್ಮ ಭಾವ ಇವತ್ತು ಡಾಕ್ಟರಾದರು. ಮೂರು ದಿನದ ಹೊಟ್ಟೆನೋವಿಗೆ ಅಕ್ಕ ಬೆಳಿಗ್ಗೆ ಅವರನ್ನು ಕೊಪ್ಪದ ಆಸ್ಪತ್ರೆಗೆ ಎಳೆದು ತಂದಿದ್ದಳು. ರಕ್ತದ ರಿಪೋರ್ಟಿನಲ್ಲಿ ಬಿಲಿರುಬಿನ್ ಹೆಚ್ಚಿದ್ದದ್ದು ಕಂಡದ್ದೇ, "ಇದು ಕಾಮಾಲೆ ಮಾರಾಯ. ಕಿಗ್ಗದಲ್ಲಿ ಸೊಪ್ಪಿನ ಔಷಧಿ ಕೊಡ್ತಾರೆ, ಹೊರಡು" ಎಂದು ನನಗೆ ಹೇಳಿ ಎದ್ದೇಬಿಟ್ಟರು. ಅಕ್ಕ ನನ್ನ ಕೈಯಿಂದ ಬೈಕಿನ ಕೀ ಕಸಿದುಕೊಂಡು ಡಾಕ್ಟರನ್ನು ಕರೆದಳು.

"ಬಿಳಿ ರಕ್ತಕಣ, ಉರಿಯೂತ ತೋರಿಸೋ ಸಿಆರ್‌ಪಿ, ಬಿಲಿರುಬಿನ್ ಮೂರೂ ಏರಿವೆ. ನೋವು ಬಲಗಡೆ ಕೆಳಗೆ. ಅಪೆಂಡಿಕ್ಸ್ ಒಡೆದ್ರೂ ಬಿಲಿರುಬಿನ್ ಏರುತ್ತೆ. ಇದು ಒಡೆದಿರೋ ಹಾಗಿದೆ, ಈಗ್ಲೇ ಆಪರೇಷನ್ ಆಗ್ಬೇಕು" ಎಂದರು ಡಾಕ್ಟರು. ಹೊಟ್ಟೆ ತೆರೆದು ನೋಡಿದರೆ ಒಡೆದೇ ಇತ್ತು. ಅಷ್ಟು ಹೊತ್ತೂ ಅಕ್ಕ ಹೊರಗಿನ ಬೆಂಚಿನಲ್ಲಿ ನನ್ನ ಕೈ ಬಿಡದೆ ಕೂತಿದ್ದಳು.

ಸಂಜೆ ನೋಡಲು ಬಂದವರಿಗೆಲ್ಲ ಭಾವ ಹೇಳುತ್ತಿದ್ದರು: "ರಿಪೋರ್ಟ್ ನೋಡಿದ ಕೂಡ್ಲೇ ನಂಗೆ ಡೌಟು ಬಂದಿತ್ತು."

ಬಂದದ್ದು ನಿಜ. ಲಿವರಿನ ಮೇಲೆ.