ತನ್ನ ಹೆಜ್ಜೆಯನ್ನು ತಾನೇ ಗುಡಿಸುತ್ತಿದ್ದ ಮೊಮ್ಮಗಳು

ನನ್ನ ಮೊಮ್ಮಗಳು ಇವತ್ತು ಕಾನೂನಿಗೆ ಒಂದು ಸಾಲು ಬರೆಸಿ ಬಂದಳು! ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಬರೆಯುವಾಗ ತಪ್ಪಾದರೆ ಆಗಲಿ, ಇಷ್ಟು ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವುದಕ್ಕೆ ನನ್ನಿಂದಾಗದು. ಬೇರೆಯವರ ಮನೆಯಲ್ಲಿ ಸಾಕಿಸಿಕೊಂಡ ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೂ, ಓದು ಮುಗಿದು ತಮ್ಮ ಕಾಲ ಮೇಲೆ ನಿಲ್ಲುವವರೆಗೆ, ಆ ಮನೆ ಅವರ ಮನೆಯೇ ಎಂದು ಕಾಗದದಲ್ಲಿ ಇರಬೇಕು. ಇದೇ ಆ ಸಾಲು. ಕರಡಿನಲ್ಲಿ ಸೇರಿಸುತ್ತೇವೆ ಎಂದು ಮಕ್ಕಳ ಇಲಾಖೆಯ ಮೀಟಿಂಗಿನಲ್ಲಿ ದೊಡ್ಡ ಮೇಡಂ ಎಲ್ಲರ ಎದುರಿಗೇ ಹೇಳಿದರು. ಅದು ಕಾನೂನಾಗಲು ಇನ್ನೂ ಎಷ್ಟೋ ಮೆಟ್ಟಿಲು ಹತ್ತಬೇಕಂತೆ. ಇರಲಿ. ಮೊದಲ ಮೆಟ್ಟಿಲು ಹತ್ತಿಸಿದ್ದು ನಮ್ಮ ಅಟ್ಟೂರಿನ ಹುಡುಗಿ.

ಮೊಮ್ಮಗಳು ಎಂದೆ. ನನ್ನ ಮಗಳು ಹೆತ್ತವಳಲ್ಲ. ಮಗಳೂ ಅಳಿಯನೂ ಒಂಬತ್ತು ವರ್ಷದ ಅವಳನ್ನು ಬಾಲಮಂದಿರದಿಂದ ಕರೆತಂದರು. ದತ್ತು ಅಲ್ಲ. ಹೆತ್ತ ತಾಯಿ ಬದುಕಿದ್ದಳು, ಆದರೆ ಸಾಕುವ ಸ್ಥಿತಿಯಲ್ಲಿರಲಿಲ್ಲ. ಹದಿನೆಂಟು ತುಂಬುವವರೆಗೆ ನೀವು ಸಾಕಿ ಎಂದು ಸರ್ಕಾರ ಒಂದು ಆದೇಶ ಕೊಟ್ಟಿತು. ಪೋಷಕತ್ವ ಎನ್ನುತ್ತಾರೆ ಅದಕ್ಕೆ.

ಬಂದ ಮಾರನೆಯ ಬೆಳಿಗ್ಗೆಯೇ ಅದು ಶುರುವಾಯಿತು. ಯೂನಿಫಾರಂ ಹಾಕಿ, ಬ್ಯಾಗು ಬೆನ್ನಿಗೇರಿಸಿ, ಆ ಪುಟ್ಟ ಹುಡುಗಿ ಪೊರಕೆ ಹಿಡಿದಳು. ಮಲಗಿದ್ದ ಜಾಗದಿಂದ, ತಿಂಡಿಗೆ ಕೂತಿದ್ದ ಜಾಗದಿಂದ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊಸಿಲಿನವರೆಗೂ ಗುಡಿಸಿದಳು. ಪೊರಕೆಯನ್ನು ಬಾಗಿಲ ಮೂಲೆಗೆ ಒರಗಿಸಿ, ತಿರುಗಿ ನೋಡದೆ ಹೋದಳು. ಯಾರಾದರೂ ಮನೆಯಿಂದ ಹೊರಟರೆ ಅವರ ಹಿಂದೆಯೇ ನಾವು ಕಸ ಗುಡಿಸುವುದಿಲ್ಲ. ಹೆಣ ಎತ್ತಿದ ಮೇಲೆ ಗುಡಿಸುವುದು ಹಾಗೆ. ಈ ಮಗು ತನ್ನದನ್ನು ತಾನೇ ಗುಡಿಸಿಕೊಂಡು ಹೋಗುತ್ತಿತ್ತು. ಅದೂ ದಿನಾ.

ಬೇಡ ಎಂದರೆ ತಲೆಯಾಡಿಸುತ್ತಿದ್ದಳು. ಮರುದಿನ ಮತ್ತೆ ಅದೇ. ಬರಬರುತ್ತಾ ಇನ್ನೊಂದು ಗಮನಿಸಿದೆ: ಮನೆಯಲ್ಲಿ ಎಲ್ಲೂ ಅವಳ ಗುರುತೇ ಇಲ್ಲ. ಬಾಚಣಿಗೆಯಲ್ಲಿ ಒಂದು ಕೂದಲಿಲ್ಲ. ದಿಂಬಿನಲ್ಲಿ ತಲೆಯಿಟ್ಟ ಹಳ್ಳವಿಲ್ಲ. ಚಪ್ಪಲಿ ಯಾವಾಗಲೂ ಗೇಟಿನ ಕಡೆಗೇ ಮುಖ ಮಾಡಿ ಕಾಯುತ್ತಿರುತ್ತಿತ್ತು. ನಡೆದರೆ ಸದ್ದಿಲ್ಲ. ಒಲೆಯಿಂದ ತಿರುಗಿದರೆ ಬೆನ್ನ ಹಿಂದೆ ನಿಂತಿರುತ್ತಿದ್ದಳು.

“ನಿಮ್ಮನೇಲಿ ಮಗು ಐತೋ ಇಲ್ವೋ ಅಂತ್ಲೇ ಗೊತ್ತಾಗಲ್ಲ ಕಣಜ್ಜಿ. ನಮ್ದು ನೋಡಿ, ರಾವಣನ ಸಂತಾನ!” ಎಂದಳು ಎದುರು ಮನೆಯವಳು. ನಾನೂ ನಕ್ಕೆ. ಒಳಗೆ ಬಂದು ಮೊದಲು ಅವಳೆಲ್ಲಿದ್ದಾಳೆ ಎಂದು ಹುಡುಕಿದೆ.

ಇದು ಏನೋ ಗಾಳಿ ಸೋಕಿರುವುದೇ ಎಂದುಕೊಂಡೆ. ಒಂದು ಮಂಗಳವಾರ ಸಂಜೆ ಅವಳನ್ನು ಹೊಸಿಲ ಆಚೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ನಿಂಬೆಹಣ್ಣು, ಉಪ್ಪು, ಮೆಣಸಿನಕಾಯಿ ಹಿಡಿದು ನಿವಾಳಿಸತೊಡಗಿದೆ. ಒಂದು ಸುತ್ತೂ ಆಗಿರಲಿಲ್ಲ, ಒಳಗೆ ಓಡಿದಳು. ಬಂದಾಗ ಕೈಯಲ್ಲಿ ಬಟ್ಟೆಯ ಚೀಲ. ಆವತ್ತು ತುಂಬಿದ್ದಲ್ಲ, ಯಾವಾಗಿನಿಂದಲೋ ಮಂಚದ ಕೆಳಗೆ ತುಂಬಿಕೊಂಡೇ ಇತ್ತು.

“ನಾನ್ ರೆಡಿ ಅಜ್ಜಿ. ವ್ಯಾನು ಎಲ್ಲಿಗೆ ಬರತ್ತೆ?”

“ಯಾವ ವ್ಯಾನು ಮಗಾ?”

“ಕರ್ಕೊಂಡ್ ಹೋಗೋ ವ್ಯಾನು. ಹೊರಗೆ ನಿಲ್ಲಿಸಿದ್ರಲ್ಲ.”

ಆಮೇಲೆ ಒಂದೊಂದೇ ಮಾತು ಹೊರಬಂತು. ಬಾಲಮಂದಿರ ಬಿಟ್ಟು ಹೊರಡುವ ಮಗು ತನ್ನ ಜಾಗವನ್ನು ತಾನೇ ಗುಡಿಸಿ ಒರೆಸಬೇಕು. ಸಂಜೆಗೆ ಅಲ್ಲಿ ಇನ್ನೊಂದು ಮಗು ಮಲಗುತ್ತದೆ. “ಯಾವತ್ತು ಕರೀತಾರೋ ಗೊತ್ತಾಗಲ್ವಲ್ಲ ಅಜ್ಜಿ. ಅದಕ್ಕೆ ದಿನಾ ಗುಡಿಸ್ಬಿಡ್ತೀನಿ.”

ನಿಂಬೆಹಣ್ಣು ಕೈಜಾರಿ ಮೋರಿಯವರೆಗೂ ಉರುಳಿತು. “ನಿನ್ನ ಇಲ್ಲಿಂದ ಎಲ್ಲಿಗೂ ಕಳಿಸಾಕಿಲ್ಲ ಕಣವ್ವ,” ಎಂದು ಅಪ್ಪಿಕೊಂಡೆ. ಅವಳು ಅಪ್ಪಿಕೊಳ್ಳಲಿಲ್ಲ. ನನ್ನ ಭುಜದ ಮೇಲಿನಿಂದ ಮೆಲ್ಲಗೆ ಹೇಳಿದಳು: “ಹದಿನೆಂಟು ಅಂತ ಕಾಗದದಲ್ಲಿ ಬರೆದಿದೆ.”

ಹದಿನೆಂಟು ಬಂತು. ಮಕ್ಕಳ ಇಲಾಖೆಯ ಆಫೀಸಿನವರು ಒಬ್ಬರು ಬಂದು, ಕಾಫಿ ಕುಡಿದು, ಒಳ್ಳೆಯ ಮಾತಾಡಿಯೇ ಫೈಲು ಮುಚ್ಚಿಕೊಂಡು ಹೋದರು. ಕಾಲೇಜಿನ ಅರ್ಜಿಗೆ ಸಹಿ ಹಾಕಲು ಮಗಳು ಪೆನ್ನು ತೆಗೆದರೆ, ಗುಮಾಸ್ತ ಕೇಳಿದನಂತೆ: “ನೀವ್ ಯಾರಾಗ್ಬೇಕು ಮೇಡಂ? ಆದೇಶ ಮುಗ್ದೋಗಿದ್ಯಲ್ಲ.” ಹುಡುಗಿ ಅರ್ಜಿಯನ್ನು ತಾನೇ ತೆಗೆದುಕೊಂಡು, ಪೋಷಕರು ಎಂಬ ಜಾಗದಲ್ಲಿ ಅಡ್ಡಗೆರೆ ಎಳೆದಳಂತೆ.

ಮರುದಿನ ಅವಳು ಗುಡಿಸುವುದು ಮುಗಿಯಲೇ ಇಲ್ಲ ಅನಿಸಿತು. ಚೀಲ ಹಿಡಿದು ಹೊರಟಾಗ ಅಳಿಯ ಗೇಟಿಗೆ ಅಡ್ಡ ನಿಂತ.

“ಅಂಕಲ್, ಈಗ ನಾನಿಲ್ಲಿ ಯಾರು ಹೇಳಿ?”

“ಮಗಳು ಕಣೇ.”

“ಎಲ್ಲಿ ಬರೆದಿದೆ?”

ಅವನು ಪಕ್ಕಕ್ಕೆ ಸರಿದ. ಅವಳು ಕೆಂಪಾಪುರದ ಒಂದು ರೂಮಿಗೆ ಹೋದಳು. ಅವಳಂತೆಯೇ ಹದಿನೆಂಟು ತುಂಬಿ ಹೊರಬಿದ್ದ ಮೂವರು ಹುಡುಗಿಯರು ಅಲ್ಲಿದ್ದರು.

ಆಮೇಲೆ ನಾನು ಅವಳ ಒಂದೇ ಒಂದು ಕೂದಲಿಗಾಗಿ ಮನೆಯೆಲ್ಲ ಹುಡುಕಿದೆ. ಸಿಗಲಿಲ್ಲ. ಒಂಬತ್ತು ವರ್ಷ ಇಲ್ಲಿ ಯಾರೂ ಇರಲೇ ಇಲ್ಲವೇನೋ ಎನ್ನುವ ಹಾಗೆ ನೆಲ ಹೊಳೆಯುತ್ತಿತ್ತು. ಆದರೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವಳ ಕೋಣೆಯಿಂದ ಪೊರಕೆಯ ಸದ್ದು ಬರುತ್ತಿತ್ತು. ಸರಕ್, ಸರಕ್. ಬಾಗಿಲು ತೆಗೆದರೆ ಯಾರೂ ಇಲ್ಲ.

“ಮೇಲಿನ ಮನೆಯೋರು ಗುಡಿಸ್ತಿರೋದು ಕಣಮ್ಮ,” ಎಂದಳು ಮಗಳು. ಮೇಲಿನ ಮನೆಗೆ ಬೀಗ ಬಿದ್ದು ಬಾಡಿಗೆ ಬೋರ್ಡು ತೂಗುತ್ತಿತ್ತು.

ಭಾನುವಾರ ಬರುತ್ತಿದ್ದಳು, ನೆಂಟರ ಹಾಗೆ. ಕುರ್ಚಿಯ ತುದಿಗೆ ಕೂತು, ಲೋಟ ತೊಳೆದಿಟ್ಟು ಹೋಗುತ್ತಿದ್ದಳು. ಒಂದು ಭಾನುವಾರ ಕಾಗದದ ಕಂತೆ ತಂದಳು. ನಾಲ್ವರೂ ಸೇರಿ ಬರೆದ ಮನವಿ. ಸಾಕಿದ ಮನೆಯವರ ಸಹಿ ಬೇಕಿತ್ತು. ನನಗೆ ಅಕ್ಷರವನ್ನು ಮತ್ತೆ ತಿದ್ದಿಸಿದವಳೇ ಅವಳು. ಹೆಬ್ಬೆಟ್ಟು ಒತ್ತದೆ ಹೆಸರು ಬರೆದೆ. ಆ ಕಂತೆ ಹೊತ್ತು ಅವರು ಹತ್ತದ ಆಫೀಸಿಲ್ಲ, ಶಾಸಕರ ಮನೆಯ ಮುಂದೆ ನಿಲ್ಲದ ದಿನವಿಲ್ಲ. ಕೊನೆಗೆ ಇವತ್ತಿನ ಮೀಟಿಂಗಿಗೆ ಕರೆ ಬಂತು. ನನ್ನನ್ನೂ ಕರೆದುಕೊಂಡು ಹೋದಳು.

ಅಲ್ಲಿ ಒಬ್ಬ ಅಧಿಕಾರಿ ನಗುನಗುತ್ತಲೇ ಕೇಳಿದರು: “ಹದಿನೆಂಟಾದ್ಮೇಲೆ ಮನೇಲಿ ಇಟ್ಕೋಬೇಡಿ ಅಂತ ಯಾರಮ್ಮ ಹೇಳಿದ್ದು? ಪ್ರೀತಿ ಇದ್ರೆ ಸಾಕಲ್ವಾ, ಕಾನೂನ್ ಯಾಕೆ?”

ಅಲ್ಲಿಯವರೆಗೆ ಚೆನ್ನಾಗಿ ಮಾತಾಡುತ್ತಿದ್ದ ಹುಡುಗಿ ಕೈಯಲ್ಲಿದ್ದ ಕಾಗದ ಮಡಚಿದಳು. ಬಾಗಿಲ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ನಾನೇ ಎದ್ದೆ.

“ಸ್ವಾಮಿ, ಪ್ರೀತಿ ನಮ್ ತಾವ ಬೇಕಾದಷ್ಟು ಐತೆ. ಆದ್ರೂ ಈ ಮಗು ಒಂಬತ್ ವರ್ಸ ದಿನಾ ತನ್ನ ಎಜ್ಜೆ ತಾನೇ ಗುಡಿಸ್ಕೊಂಡು ಓಗೈತೆ, ಎಣ ಎತ್ತಿದ್ ಮನೇಲಿ ಗುಡಿಸ್ದಂಗೆ. ಆ ಪೊರಕೆ ಕೊಟ್ಟಿದ್ದು ನಿಮ್ ಕಾಗದ. ಅದನ್ನ ಈಸ್ಕೊಳಾಕೂ ನಿಮ್ ಕಾಗದವೇ ಬೇಕು.”

ದೊಡ್ಡ ಮೇಡಂ ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡು ಬರೆಯತೊಡಗಿದರು. ಬರೆದದ್ದನ್ನು ಓದಿ ಹೇಳಿದರು.

ವಾಪಸು ಬರುವಾಗ ಒಂದೇ ಬಸ್ಸು. ಹೆಬ್ಬಾಳ ದಾಟಿತು. ಕೆಂಪಾಪುರದ ಸ್ಟಾಪು ಹತ್ತಿರವಾಗುತ್ತಿದ್ದಂತೆ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಬಾಗಿಲು ತೆರೆಯಿತು. ಯಾರು ಯಾರೋ ಇಳಿದರು. ಬಾಗಿಲು ಮುಚ್ಚಿತು. ಪಕ್ಕಕ್ಕೆ ತಿರುಗಲು ಧೈರ್ಯ ಬರಲಿಲ್ಲ. ಅಲ್ಲಿ ಖಾಲಿ ಸೀಟು ಇದ್ದುಬಿಟ್ಟರೆ? ಅಲ್ಲಾಳಸಂದ್ರ ಬಂದಾಗ ಭುಜದ ಮೇಲೆ ಏನೋ ಭಾರವಾಯಿತು. ನಿದ್ದೆ ಹೋಗಿದ್ದಳು. ತಲೆ ಇಷ್ಟು ತೂಕ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಹೋಗುವಾಗಲೇ ಅವರೆಕಾಳು ನೆನೆಹಾಕಿದ್ದೆ. ಸಂಜೆ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಹಿತುಕಿದೆವು. ಸಿಪ್ಪೆ ಗೋಡೆಗೆ, ನೆಲಕ್ಕೆ, ಅವಳ ಕೂದಲಿಗೆ ಎಲ್ಲ ಹಾರಿತು. ಹಿತಕಬೇಳೆ ಸಾರು, ಮುದ್ದೆ. ನಾಲ್ಕು ತಟ್ಟೆ ಹಾಕಿಕೊಂಡು ನೆಲದ ಮೇಲೆಯೇ ಕೂತೆವು.

“ಕಾನೂನು ಬರೆಸೋರು ಮುದ್ದೆ ತಿಂತಾರೇನಮ್ಮ?” ಎಂದು ಕೆಣಕಿದ ಅಳಿಯ.

“ತಿನ್ನಲ್ಲ ಅಂಕಲ್, ನುಂಗ್ತಾರೆ.”

ಮಗಳು ನಕ್ಕು ನಕ್ಕು ಕೆಮ್ಮಿದಳು. ಅವಳ ಬೆನ್ನು ಸವರುತ್ತ ಹುಡುಗಿ ಬಾಗಿಲ ಮೂಲೆಯ ಪೊರಕೆಯನ್ನು ಒಮ್ಮೆ ನೋಡಿದಳು, ಸುತ್ತ ಚೆಲ್ಲಿದ್ದ ಸಿಪ್ಪೆಯನ್ನೂ ನೋಡಿದಳು. ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

“ಅಜ್ಜಿ, ಇನ್ನೊಂದ್ ಸೌಟು ಸಾರು ಹಾಕಿ,” ಎಂದು ತಟ್ಟೆ ಚಾಚಿದಳು.

ಹಾಕಿದೆ. ಸಿಪ್ಪೆಯ ನಡುವೆಯೇ ಕೂತು ನಾವು ನಾಲ್ವರೂ ಉಣ್ಣುತ್ತಿದ್ದೆವು.