ಶಶಿಯ ಆಲ್ಬಮ್, ಮಾಮನ ಕಿವಿ

"ಇದರಾಗ ಏನೂ ಕೆಟ್ಟಿಲ್ಲರೀ," ಎನ್ನುತ್ತ ಬಳ್ಳಾರಿ ಕೌಲ್ ಬಜಾರಿನ ರಿಪೇರಿ ಅಂಗಡಿಯವನು ಆಂಪ್ಲಿಫೈಯರನ್ನು ಮಾಮನ ಕಡೆಗೆ ತಳ್ಳಿದ.

"ಹೆಂಗ ಕೆಟ್ಟಿಲ್ಲ? ಹಾಡೋರು ಬಾಯಾಗ ಅರಿವಿ ತುರುಕ್ಕೊಂಡಂಗ ಬರ್ತೈತಿ ದನಿ!" ಅಂಗಡಿ ಅದುರುವ ಹಾಗೆ ಕೂಗಿದ ಮಾಮ.

ಮಾಮ ಅಂದರೆ ಗಾದಿಲಿಂಗಪ್ಪ, ನನ್ನ ತಾಯಿಯ ತಮ್ಮ. ಸಿರುಗುಪ್ಪದಲ್ಲಿ ಸೌಂಡ್ ಸರ್ವಿಸ್ ಅಂಗಡಿ. ಮದುವೆ, ಗಣಪತಿ, ಎಲೆಕ್ಷನ್ ಪ್ರಚಾರ, ಎಲ್ಲಕ್ಕೂ ಆತನ ಸ್ಪೀಕರುಗಳೇ. ಜೀವಮಾನವಿಡೀ ಅವುಗಳ ಪಕ್ಕದಲ್ಲೇ ನಿಂತವನು. (ಜೋರಾಗಿ ಮಾತಾಡುವುದು ಕಸುಬಿನ ಗುಣ ಅಂತಲೇ ನಾವೆಲ್ಲ ತಿಳಿದಿದ್ದೆವು.)

"ಕಾರಿನಾಗ ಬಿಡ್ತೀನಿ ಬಾ ಮಾಮಾ," ಎಂದೆ. ದಾರಿಯಲ್ಲಿ ಸಿಗುವ ಕುರುಗೋಡಿನಲ್ಲಿ ನನಗೆ ಕೆಲಸವಿತ್ತು. ಅದಕ್ಕಿಂತ ಮುಖ್ಯವಾಗಿ, ನನ್ನ ಫೋನಿನಲ್ಲಿ ಶಶಿಯ ಆಲ್ಬಮ್ ಇತ್ತು.

ಶಶಿಕಲಾ ಮಾಮನ ಒಬ್ಬಳೇ ಮಗಳು. ಅಪ್ಪನ ಅಂಗಡಿಯಲ್ಲಿ ವೈರು ಸುತ್ತುತ್ತ, ಮಿಕ್ಸರಿನ ಗುಂಡಿ ತಿರುಗಿಸುತ್ತ ಬೆಳೆದವಳು. ಈಗ ಪುಣೆಯ ಒಂದು ನೈಟ್‌ಕ್ಲಬ್ಬಿನಲ್ಲಿ ಡಿಜೆ. ಆಕೆ ಹೊರಟ ದಿನ, "ಕುಡುಕರ ಮುಂದ ಹಾಡು ಹಚ್ಚಲಿ ಅಂತ ನಿನಗ ಕಲಿಸಿದ್ನೇನು?" ಎಂದಿದ್ದ ಮಾಮ. ಆಮೇಲೆ ಮಾತಿಲ್ಲ. ಅತ್ತೆ ಫೋನ್ ಚಾಚಿದಾಗಲೆಲ್ಲ ಕೈಯಾಡಿಸಿ ಎದ್ದುಹೋಗುತ್ತಿದ್ದ. ಎಂಥ ಹಟ ನೋಡಿ!

ಕ್ಲಬ್ಬಿನಲ್ಲಿ ಶಶಿ ನುಡಿಸಿದ್ದನ್ನು ಜನರ ಗದ್ದಲದ ಸಮೇತ ರೆಕಾರ್ಡ್ ಮಾಡಿ ಆಲ್ಬಮ್ ಆಗಿ ಬಿಟ್ಟಿದ್ದಾರೆ. ಲಿಂಕ್ ಕಳಿಸಿ ಬರೆದಿದ್ದಳು: "ಅಕ್ಕಾ, ಹೆಂಗರ ಮಾಡಿ ಅಪ್ಪಗ ಕೇಳಸು. ನಂದು ಅಂತ ಮೊದಲ ಹೇಳಬ್ಯಾಡ."

ನಾನು ಮನೆಯಲ್ಲಿ ಮೊದಲೇ ಕೇಳಿದ್ದೆ. ಎಲೆಕ್ಟ್ರಾನಿಕ್ ಸಂಗೀತ ಎಂದರೆ ತಲೆನೋವು ಅಂದುಕೊಂಡವಳು ನಾನು. ಇದು ಬೇರೆಯೇ ಇತ್ತು. ಅರಬ್ಬಿ ಪಿಟೀಲಿನ ಬೆನ್ನಿಗೆ ಕಂಪ್ಯೂಟರಿನ ಗುಂಯ್‌ಕಾರ, ಅದರೊಳಗಿಂದ ಮೊಹರಮ್ಮಿನ ಹಲಗೆ, ಹಲಗೆ ನಿಲ್ಲುವ ಮೊದಲೇ ಯಾವುದೋ ಆಫ್ರಿಕಾದ ಹೆಂಗಸರ ಹಾಡು. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಒಂದೇ ಓಣಿಯವರ ಹಾಗೆ ಹೊಂದಿಕೊಂಡಿದ್ದವು. ನಡುವೆ ಒಮ್ಮೆ ಬೀಟ್ ಪೂರ್ತಿ ನಿಂತು ಒಂದು ದನಿ: "ಹಲೋ, ಹಲೋ, ಮೈಕ್ ಟೆಸ್ಟಿಂಗ್. ಕೂಸಿನ ತಾಯಿ ಎಲ್ಲಿದ್ರೂ ಸ್ಟೇಜಿನ ಹಂತೇಕ ಬರ್ರಿ."

ಮಾಮನ ದನಿ! ಯಾವುದೋ ಹಳೆಯ ಮದುವೆಯ ರೆಕಾರ್ಡಿಂಗಿನಿಂದ ಎತ್ತಿದ್ದಳು. ಪುಣೆಯ ಹುಡುಗರು ಕನ್ನಡ ಅರ್ಥವಾಗದೆಯೂ ಶಿಳ್ಳೆ ಹೊಡೆದು ಕೇಕೆ ಹಾಕಿದ್ದರು. ನಾನು ಮೊದಲು ನಕ್ಕೆ. ಆಮೇಲೆ ಅತ್ತುಬಿಟ್ಟೆ.

ಬಾದನಹಟ್ಟಿ ದಾಟಿದ ಮೇಲೆ ಕಾರಿನಲ್ಲಿ ಆಲ್ಬಮ್ ಹಚ್ಚಿದೆ. ಮಾಮ ಕಿಟಕಿಯಾಚೆ ನೋಡುತ್ತ ಕೂತಿದ್ದ. ಹಾಡಿನಲ್ಲಿ ಆ ಜಾಗ ಬಂತು. ಬೀಟ್ ನಿಂತಿತು. "ಹಲೋ, ಹಲೋ..." ನಾನು ಆತನ ಮುಖವನ್ನೇ ನೋಡಿದೆ.

"ಯಾಕ ಆಫ್ ಆತು?" ಎಂದ ಮಾಮ. "ಇಷ್ಟೊತ್ತೂ ಬರೀ ಧಡ್ ಧಡ್ ಅಂತಿತ್ತು. ನಿನ್ನ ಸ್ಪೀಕರೂ ಕೆಟ್ಟಾವು ನೋಡು."

ಕೆಟ್ಟಿರಲಿಲ್ಲ. ಕಾಲುವೆ ಪಕ್ಕ ಗಾಡಿ ನಿಲ್ಲಿಸಿ, ಆತನ ಕಡೆ ತಿರುಗಿ ಗಟ್ಟಿಯಾಗಿ ಕೇಳಿದೆ: "ಮಾಮಾ, ಫೋನಿನಾಗ ಮಾತು ಕೇಳಸ್ತೈತೇನು?"

ನನ್ನ ತುಟಿಗಳನ್ನೇ ನೋಡುತ್ತಿದ್ದವನು ತಲೆ ತಗ್ಗಿಸಿದ. "ಫೋನ್ ಸರಿ ಇಲ್ಲ ಅಂದೆ. ಟೀವಿ ಸರಿ ಇಲ್ಲ ಅಂದೆ. ಈಗ ಆಂಪ್ಲಿಫೈಯರ್. ಎಲ್ಲಾ ಕೂಡಿ ಹೆಂಗ ಕೆಡ್ತಾವವಾ?"

"ಮತ್ತ ಶಶಿ ಫೋನ್ ಬಂದಾಗ ಎದ್ದು ಹೋಗೂದು?"

"ಸಿಟ್ಟು ಯಾವಾಗೋ ಇಳದೈತಿ. ಆಕಿ ಏನೋ ಕೇಳಬೇಕು, ನಾ ಏನೋ ಹೇಳಬೇಕು... ಯಾಕ ಬೇಕು?"

ನಾವೆಲ್ಲ ಹಟ ಅಂದುಕೊಂಡಿದ್ದು ಇದನ್ನು. ಮನೆಯಲ್ಲಿ ಒಬ್ಬರು ಸುಮ್ಮನಾದರೆ ಎಷ್ಟು ಬೇಗ ಅದಕ್ಕೆ ಸಿಟ್ಟು ಅಂತ ಹೆಸರಿಡುತ್ತೇವೆ! ಒಬ್ಬರಾದರೂ ಎದುರಿಗೆ ಕೂತು ಕೇಳಿದ್ದೆವಾ?

ಇದು ಶಶಿಯದು ಎಂದು ಆಗ ಹೇಳಿದೆ. ಆಲ್ಬಮ್ಮನ್ನು ಮೊದಲಿನಿಂದ ಹಚ್ಚಿ, ಏನೇನು ಬರುತ್ತಿದೆ ಅಂತ ಕೂಗಿ ಕೂಗಿ ವಿವರಿಸಿದೆ. (ದಾರಿಹೋಕರು ಜಗಳ ಅಂದುಕೊಂಡಿರಬೇಕು.) ಪಿಟೀಲು ಮಾಮಾ. ಈಗ ಹಲಗಿ ಮಾಮಾ. ಈಗ ನಿನ್ನ ದನಿ.

"ನಂದಾ?" ಎಂದ. ಆಮೇಲೆ, "ಜನ ಏನಂದ್ರು?"

"ಶಿಳ್ಳಿ ಹೊಡದ್ರು."

ಮಾಮ ಬಾಗಿಲಿನ ಸ್ಪೀಕರಿನ ಮೇಲೆ ಅಂಗೈ ಇಟ್ಟ. ಸಿರುಗುಪ್ಪ ಬರುವವರೆಗೂ ತೆಗೆಯಲಿಲ್ಲ. ಮಗಳ ಕೆಲಸದಲ್ಲಿ ಆತನಿಗೆ ದಕ್ಕಿದ್ದು ಅಷ್ಟೇ, ಆ ಅದುರು.

ಇಳಿಯುವಾಗ ಹೇಳಿದ: "ಕಿವಿ ವಿಷಯ ಆಕಿಗೆ ಹೇಳಬ್ಯಾಡ. ಅಪ್ಪ ಕೇಳಿದ, ಛಲೋ ಐತಿ ಅಂದ, ಅಷ್ಟ ಹೇಳು."

ಮೊನ್ನೆ ಬಳ್ಳಾರಿಯ ಡಾಕ್ಟರಿಗೆ ತೋರಿಸಿದೆವು. ಕಿವಿಗೆ ಮೆಷಿನ್ ಹಾಕಿದರೆ ಎದುರಿಗಿನ ಮಾತು ಒಂದಿಷ್ಟು ಸ್ಪಷ್ಟವಾದೀತಂತೆ. ಹಾಡು ಇನ್ನು ಮೊದಲಿನ ಹಾಗೆ ಕೇಳಿಸುವುದಿಲ್ಲವಂತೆ. ಒಂದೆರಡು ವರ್ಷ ಮೊದಲು ಬಂದಿದ್ದರೆ? ಡಾಕ್ಟರು ಮೆಷಿನ್ನಿನ ಚೀಟಿ ಬರೆಯತೊಡಗಿದರು.

"ಅಪ್ಪ ಏನಂದ?" ಎಂಬ ಶಶಿಯ ಮೆಸೇಜು ಇನ್ನೂ ಹಾಗೇ ಇದೆ. ಟೈಪ್ ಮಾಡುತ್ತೇನೆ, ಅಳಿಸುತ್ತೇನೆ. ಮಾಮ ಹೇಳಿದ್ದನ್ನು ಹೇಳಿದರೆ ಸುಳ್ಳು. ಹೇಳದಿದ್ದರೆ ಆಕೆ ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ ಎಂದೇ ಕೊರಗುತ್ತಾಳೆ. ಅದಕ್ಕೇ ಆಕೆ ಓದಲಿ ಅಂತ ಪೇಪರಿನ ಈ ಅಂಕಣದಲ್ಲಿ ಬರೆದಿದ್ದೇನೆ. ಮಾಮ ಈ ಪೇಪರ್ ಓದುತ್ತಾನೆ, ನನ್ನನ್ನು ಬೈಯುತ್ತಾನೆ. ಬೈಯಲಿ.

ಶಶಿ, ಇನ್ನ ಫೋನ್ ಮಾಡಬ್ಯಾಡ. ಬಾ.