ಹೊನ್ನಕ್ಕ ಊದಿ ನೋಡಿದ ಚಿನ್ನದ ತಟ್ಟೆ

ಚಳ್ಳಕೆರೆಯಲ್ಲಿ ಎಣ್ಣೆಯ ವಾಸನೆ ಅಂಟದ ಮನುಷ್ಯರು ಸಿಗುವುದು ಕಷ್ಟ. ದೇವಸಮುದ್ರದಿಂದ ಮದುವೆಯಾಗಿ ಬಂದ ಹೊನ್ನಕ್ಕನಂತೂ ಇಪ್ಪತ್ತೆರಡು ವರ್ಷ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸಿದವಳು. ಮಿಲ್ಲು ಮುಚ್ಚಿದ ಮೇಲೆ ಊರಾಚೆಯ ಒಂದು ಪ್ರಯೋಗಾಲಯದಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದಳು. ನೆಲ ಒರೆಸುವವರು ನೆಲವನ್ನಷ್ಟೇ ನೋಡಬೇಕು ಎಂದು ಅಲ್ಲಿ ಯಾರಾದರೂ ಅಂದುಕೊಂಡಿದ್ದರೆ, ಅವರಿಗೆ ಹೊನ್ನಕ್ಕ ಗೊತ್ತಿರಲಿಲ್ಲ.

"ಆ ಉಕ್ಕಿನ ಹಂಡೆಯಾಗೆ ಏನ್ ಬೇಯಿಸ್ತೀಯವ್ವಾ?" ಎಂದು ಅವಳು ಮೊದಲ ವಾರವೇ ವಾಣಿಶ್ರೀಯನ್ನು ಕೇಳಿದ್ದಳು. ವಾಣಿಶ್ರೀ ರಾಂಪುರದ ಹುಡುಗಿ, ಅಲ್ಲಿ ಸಂಶೋಧನೆ ಮಾಡುತ್ತಿದ್ದಳು.

"ಬೇಯಿಸೋದಲ್ಲಕ್ಕಾ. ಒಳಗಿನ ಗಾಳಿ ಎಲ್ಲ ಪಂಪ್‌ನಿಂದ ಎಳೆದು ತೆಗೀತೀನಿ. ಆಮೇಲೆ ಒಂದು ಪುಟ್ಟ ಚಿನ್ನದ ತಟ್ಟೆಗೆ ಅನಿಲದ ಕಣ ಹೊಡೀತೀನಿ. ಬಂಡೆಗೆ ಹೊಡೆದ ಚೆಂಡು ಪುಟಿಯಲ್ವಾ, ಹಂಗೆ ಬರೀ ಚಿನ್ನದಿಂದ ಕಣ ರಭಸವಾಗಿ ವಾಪಸ್ ಬರ್ತೈತೆ. ಅದರ ಮೇಲೆ ಎಣ್ಣೆಯಂಥದ್ದು ಒಂದು ಪದರ ಇದ್ರೆ, ಕಂಬಳಿ ಮೇಲೆ ಬಿದ್ದ ಚೆಂಡೇ. ಶಕ್ತಿನೆಲ್ಲ ಅದಕ್ಕೆ ಕೊಟ್ಟು ಮೆಲ್ಲಗೆ ಎದ್ದು ಬರ್ತೈತೆ. ಎಷ್ಟು ಕೊಡ್ತು ಅಂತ ಅಳೆಯೋದೇ ನನ್ ಕೆಲಸ."

ಹೊನ್ನಕ್ಕನಿಗೆ ಇದು ಬಹಳ ಹಿಡಿಸಿತು. ಗಂಡ ತಿಪ್ಪಯ್ಯನಿಗೂ ಊಟಕ್ಕೆ ಬಡಿಸುತ್ತ ಹೇಳಿದಳು. ಅವನು ಸಾರು ಕೇಳಿದ.

ಕೆಲವು ತಿಂಗಳಿಗೆ ಯಂತ್ರ ಹಟ ಹಿಡಿಯಿತು. ಏನೂ ಹಚ್ಚದ ಚಿನ್ನವೂ ಕಂಬಳಿಯಂತೆ ವರ್ತಿಸತೊಡಗಿತು. ಹೊಸ ತಟ್ಟೆ ಇಟ್ಟರೂ ಅದೇ ಕಥೆ. ಎಲ್ಲಿಂದಲೋ ಎಣ್ಣೆ ಪಸೆ ಹತ್ತುತ್ತಿತ್ತು. ವಿಭಾಗದ ಹಿರಿಯರಾದ ಹಾಲೇಶಪ್ಪನವರ ಕಣ್ಣು ಹೊನ್ನಕ್ಕನ ಮಿರಮಿರ ಮಿಂಚುವ ತುರುಬಿನ ಮೇಲೆ ಬಿತ್ತು.

"ತಲೆ ತುಂಬ ಎಣ್ಣೆ. ತಟ್ಟೆ ಇಡೋ ಮೇಜು ಒರೆಸೋರೂ ನೀವೇ. ಇನ್ನು ಆ ರೂಮಿಗೆ ಬರಬೇಡಿ. ತಿಂಗಳು ಮುಗೀಲಿ, ಬೇರೆಯವರನ್ನ ನೋಡ್ತೀವಿ."

ಹೊನ್ನಕ್ಕ ಒರೆಸುವ ಬಟ್ಟೆ ಹಿಂಡಿಟ್ಟು ಹೊರಬಂದಳು. ಕೆಲಸ ಹೋಗುವುದು ಒಂದು, ಕೊಳಕು ಕೈಯವಳೆಂದು ಹೆಸರು ಹೊತ್ತು ಹೋಗುವುದು ಇನ್ನೊಂದು. ಆದರೂ ನಿಜವಾಗಿ ತನ್ನಿಂದಲೇ ಆಗಿದ್ದರೆ? ಸೀಗೇಕಾಯಿ ಹಾಕಿ ಎರಡೆರಡು ಸಲ ತಲೆ ತಿಕ್ಕಿಕೊಂಡಳು. ಹುಟ್ಟಿದಾಗಿನಿಂದ ಎಣ್ಣೆ ತಪ್ಪದ ಕೂದಲು ಕತ್ತಾಳೆ ನಾರಾಯಿತು. ಎಂಟು ದಿನ ಆ ಕೋಣೆಯ ಹೊಸಿಲು ತುಳಿಯಲಿಲ್ಲ. ಒಂಬತ್ತನೆಯ ದಿನ ವಾಣಿಶ್ರೀ ಸಪ್ಪೆ ಮೋರೆ ಹಾಕಿಕೊಂಡು ಹೊರಬಂದಳು. ಅವತ್ತು ತೆಗೆದ ತಟ್ಟೆಯೂ ಕೆಟ್ಟಿತ್ತು.

"ಅದನ್ನ ಇಲ್ಲಿ ಹಿಡಿಯವ್ವಾ, ನಾನು ಮುಟ್ಟಲ್ಲ," ಎಂದಳು ಹೊನ್ನಕ್ಕ.

ವಾಣಿಶ್ರೀ ಚಿಮಟದಲ್ಲಿ ಹಿಡಿದಳು. ಹೊನ್ನಕ್ಕ ಬಗ್ಗಿ "ಹಾ" ಎಂದು ಉಸಿರು ಬಿಟ್ಟಳು. ಮಿಲ್ಲಿನಲ್ಲಿ ಚೀಟಿ ಅಂಟಿಸುವ ಮೊದಲು ಪ್ರತಿ ಡಬ್ಬದ ಮೈಗೂ ಹೀಗೇ ಊದಿ ನೋಡುತ್ತಿದ್ದಳು. ಪಸೆ ಇದ್ದಲ್ಲಿ ಉಸಿರು ಬೆಳ್ಳಗೆ ಕೂರುತ್ತಿತ್ತು. ಅಲ್ಲಿ ಚೀಟಿ ನಿಲ್ಲುತ್ತಿರಲಿಲ್ಲ. ಈಗ ಚಿನ್ನದ ತಟ್ಟೆ ಅಂಚಿನಿಂದ ಅಂಚಿಗೆ ಒಂದೇ ಸಮ ಬೆಳ್ಳಗಾಯಿತು.

"ಕೈ ತಾಗಿದ್ರೆ ಬೆರಳಿನ ಗುರುತು ಬೀಳ್ತಿತ್ತು. ಇದು ಇಡೀ ಹಾಸೈತೆ, ನೋಡು. ಮಿಲ್ಲಾಗೆ ಗೋಡೆ ಮ್ಯಾಲಿನ ಕ್ಯಾಲೆಂಡರ್ ಯಾರೂ ಮುಟ್ಟದೆ ಜಿಡ್ಡಾಗೋದು, ಹಂಗೆ. ಇದು ಆವಿಯಾಗಿ ಬಂದಿರೋ ಎಣ್ಣೆ. ನಿನ್ ಹಂಡೆಗೆ ಎಣ್ಣೆ ಕುಡಿಯೋ ಮಿಷನ್ನು ಯಾವುದೈತೆ?"

ವಾಣಿಶ್ರೀ ತಟ್ಟೆ ಹಿಡಿದುಕೊಂಡೇ ಒಳಗೆ ಓಡಿದಳು. ಗಾಳಿ ಎಳೆಯುವ ಹಳೇ ಪಂಪ್‌ನ ಎಣ್ಣೆಯೇ ಆವಿಯಾಗಿ ಹಿಂದಕ್ಕೆ ಹರಿದು ತಟ್ಟೆಯ ಮೇಲೆ ಕೂರುತ್ತಿತ್ತು. ಆ ಪಂಪ್ ಇನ್ನೊಂದು ವರ್ಷ ನಡೆಯಲಿ ಎಂದಿದ್ದವರು ಹಾಲೇಶಪ್ಪನವರೇ.

ಪಂಪ್ ಬದಲಾಯಿತು, ಹಂಡೆಯ ಒಳಗನ್ನು ಕಾಯಿಸಿ ತೊಳೆದರು. ಮತ್ತೆ ಹೊಡೆದ ಕಣಗಳು ಚಿನ್ನದಿಂದ ಪುಟಪುಟನೆ ಪುಟಿದವು. ಹಾಲೇಶಪ್ಪನವರು ಒಳ್ಳೆಯವರೇ, ತಾವಾಗಿ ಹೊನ್ನಕ್ಕನಿದ್ದ ವರಾಂಡಕ್ಕೆ ಬಂದರು.

"ತಪ್ಪಾಯ್ತು ಹೊನ್ನಕ್ಕಾರೆ. ಇನ್ಮೇಲೆ ಯಂತ್ರದಿಂದ ತೆಗೆದ ತಟ್ಟೆ ನೀವು ಊದಿ ನೋಡಿ ಸರಿ ಅಂದ್ರೇನೇ ಮುಂದಿನ ಕೆಲಸ."

ಹೊನ್ನಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ನೋಡ್ತೀನಿ ಸಾರ್. ಕೂದಲು ಮುಚ್ಚೋ ಟೋಪಿ ಕೊಡ್ರಿ, ಹಾಕ್ಕೊಂತೀನಿ. ಆದ್ರೆ ನಾಳೆಯಿಂದ ತಲೆಗೆ ಎಣ್ಣೆ ಹಚ್ಕೊಂಡೇ ಬರ್ತೀನಿ."